ಪ್ರೋಗ್ರಾಮನ್ನು ಕೊಂದ ಸಿಗ್ನಲ್ ಎಲ್ಲಿಂದ ಬಂತು? ಜಿಡಿಬಿ, ಎಸ್‌ಟ್ರೇಸ್, ಕೋರ್ ಡಂಪ್, ಟ್ರೇಸ್‌ಪಾಯಿಂಟ್: ಯಾವಾಗ ಯಾವುದು

ಶಿವಮೊಗ್ಗದ ಆಫೀಸಿನ ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್. ಹೊಸನಗರ, ತೀರ್ಥಹಳ್ಳಿ, ಸಾಗರದ ಮನೆಗಳಿಂದ ಮೊಬೈಲ್ ಡೇಟಾದಲ್ಲಿ ಎಸ್‌ಎಸ್‌ಎಚ್ ಮಾಡಿ ಅದರಲ್ಲಿ ಕೆಲಸ ಮಾಡುವವರು. ಮಳೆಗಾಲ ಹಿಡಿದರೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ, ಕರೆಂಟೂ ಹಾಗೆಯೇ. ಇದರ ನಡುವೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ಒಂದು ದಿನ ‘ಕಿಲ್ಡ್’, ‘ಟರ್ಮಿನೇಟೆಡ್’ ಅಥವಾ ‘ಹ್ಯಾಂಗಪ್’ ಎಂದು ಒಂದೇ ಪದ ಬರೆದು ನಿಂತುಬಿಡುತ್ತದೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಹೆಚ್ಚಾಗಿ ಅದನ್ನು ನಿಲ್ಲಿಸಿದ್ದು ಒಂದು ಸಿಗ್ನಲ್, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ (ಪ್ರೊಸೆಸ್‌ಗೆ) ಲಿನಕ್ಸಿನ ತಿರುಳಾದ ಕರ್ನಲ್ ತಲುಪಿಸುವ ಸಣ್ಣ ಸೂಚನೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ನೇರ ಜಿಡಿಬಿಗೆ, ಅಂದರೆ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡೀಬಗ್ಗರ್‌ಗೆ, ಹೋಗುತ್ತದೆ. ಜಿಡಿಬಿ ಒಳ್ಳೆಯ ಟೂಲೇ. ಆದರೆ ಹೊರಗಿನಿಂದ ಬಂದ ಸಿಗ್‌ಕಿಲ್ (9) ಯಾರು ಕಳಿಸಿದ್ದು ಎಂದು ಅದು ಯಾವತ್ತೂ ಹೇಳಲಾರದು. ಅದೇ ರೀತಿ ಮುಟ್ಟಬಾರದ ಮೆಮೊರಿ ಮುಟ್ಟಿದ್ದಕ್ಕೆ ಸಿಗ್‌ಸೆಗ್‌ವಿ (11) ಬಂದಾಗ, ಯಾರು ಏನು ಮಾಡಿದರೆಂದು ಬರೆದಿಡುವ ಆಡಿಟ್ ಲಾಗ್ ಹುಡುಕುತ್ತಾ ಕೂತರೆ ಸಮಯ ಹಾಳು. ಟೂಲ್ ಯಾವುದೆಂದು ತೀರ್ಮಾನಿಸುವ ಮೊದಲು ಕಳಿಸಿದವರು ಯಾರಿರಬಹುದು ಎಂದು ಊಹಿಸಬೇಕು. ಹೋಲಿಕೆಗೆ ನಾವು ಹಿಡಿದಿರುವ ಅಳತೆಗೋಲು ಅದೇ. ಇಲ್ಲಿ ಕೊಟ್ಟಿರುವ ಸಿಗ್ನಲ್ ಸಂಖ್ಯೆಗಳು ಎಕ್ಸ್86 ಮತ್ತು ಆರ್ಮ್ ಮೇಲಿನ ಲಿನಕ್ಸಿನವು.

## ಕಳಿಸುವವರು ಮೂರು ಬಗೆ

ಮೊದಲನೆಯದು, ಪ್ರೋಗ್ರಾಂ ತಾನೇ ಮಾಡಿದ ತಪ್ಪಿಗೆ ಕರ್ನಲ್ ಕೊಡುವ ಸಿಗ್ನಲ್: ಸಿಗ್‌ಸೆಗ್‌ವಿ (11), ಸಿಗ್‌ಬಸ್ (7), ಸಿಗ್‌ಎಫ್‌ಪಿಇ (8), ಸಿಗ್‌ಇಲ್ (4). ಲೈಬ್ರರಿಯೇ ‘ಅಬಾರ್ಟ್’ ಕರೆದು ತಂದುಕೊಳ್ಳುವ ಸಿಗ್‌ಅಬಾರ್ಟ್ (6) ಕೂಡ ಇದೇ ಗುಂಪಿನದು. ಇಲ್ಲಿ ಕಾರಣ ಕೋಡಿನೊಳಗಿದೆ. ಕೋರ್ ಡಂಪ್ (ಸತ್ತ ಕ್ಷಣದ ಮೆಮೊರಿಯ ಪ್ರತಿ), ಜಿಡಿಬಿ, ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಆಯ್ಕೆ) ಇವೇ ಸರಿ.

ಎರಡನೆಯದು, ಬೇರೊಂದು ಪ್ರೊಸೆಸ್ ‘ಕಿಲ್’ ಸಿಸ್ಟಂ ಕಾಲ್‌ನಿಂದ (ಕರ್ನಲ್‌ಗೆ ಮಾಡುವ ಕೋರಿಕೆಯಿಂದ) ಕಳಿಸುವುದು. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ, ಕಂಟೇನರ್ ನಡೆಸುವ ಡಾಕರ್, ನಿಗದಿತ ಹೊತ್ತಿಗೆ ಓಡಲು ಕ್ರಾನ್‌ನಲ್ಲಿ ಕೂತ ಸ್ಕ್ರಿಪ್ಟ್, ಯುಪಿಎಸ್ ನೋಡಿಕೊಳ್ಳುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ), ಪಕ್ಕದ ಟರ್ಮಿನಲ್‌ನ ಸಹೋದ್ಯೋಗಿ, ಯಾರೂ ಆಗಬಹುದು.

ಮೂರನೆಯದು, ಪ್ರೋಗ್ರಾಂ ತಪ್ಪು ಮಾಡದಿದ್ದರೂ ಕರ್ನಲ್ ತನ್ನ ನಿಯಮದ ಪ್ರಕಾರ ಕಳಿಸುವುದು: ಮೆಮೊರಿ ಮುಗಿದಾಗ ಓಓಎಂ ಕಿಲ್ಲರ್‌ನ ಸಿಗ್‌ಕಿಲ್, ಟರ್ಮಿನಲ್ ಮುಚ್ಚಿದಾಗ ಸಿಗ್‌ಹಪ್ (1), ಆ ಕಡೆಯವರು ಮುಚ್ಚಿದ ಸಾಕೆಟ್‌ಗೆ ಬರೆದಾಗ ಸಿಗ್‌ಪೈಪ್ (13).

## ಖರ್ಚಿಲ್ಲದ ಸಾಕ್ಷಿ ಮೊದಲು

ಯಾವ ಟೂಲೂ ಹಾಕುವ ಮೊದಲು ಎಕ್ಸಿಟ್ ಕೋಡ್ ನೋಡಿ. ಶೆಲ್ 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ತೋರಿಸುತ್ತದೆ: 129 ಹಪ್, 134 ಅಬಾರ್ಟ್, 135 ಬಸ್, 137 ಕಿಲ್, 139 ಸೆಗ್‌ಫಾಲ್ಟ್, 141 ಪೈಪ್, 143 ಟರ್ಮ್. ಬ್ಯಾಷ್‌ನಲ್ಲಿ ‘ಕಿಲ್ -ಎಲ್ 139’ ಎಂದರೆ ಹೆಸರೇ ಬರುತ್ತದೆ. ಪೈಥಾನ್‌ನ ಸಬ್‌ಪ್ರೊಸೆಸ್ ಇದನ್ನೇ ಋಣ ಸಂಖ್ಯೆಯಲ್ಲಿ, ಅಂದರೆ -9, -11 ಎಂದು ಕೊಡುತ್ತದೆ. ಒಂದು ಎಚ್ಚರಿಕೆ: ಸಿಗ್ನಲ್ ಹಿಡಿದುಕೊಂಡು ತಾನೇ 143 ಅಥವಾ 1 ಎಂದು ಹೊರಬರುವ ಪ್ರೋಗ್ರಾಂಗಳಿವೆ. ಸರ್ವಿಸ್ ಆಗಿದ್ದರೆ ಸಿಸ್ಟಂಸಿಟಿಎಲ್ ಸ್ಟೇಟಸ್‌ನಲ್ಲಿ ‘ಕೋಡ್=ಕಿಲ್ಡ್’ ಇದೆಯೋ ‘ಕೋಡ್=ಡಂಪ್ಡ್’ ಇದೆಯೋ ‘ಕೋಡ್=ಎಕ್ಸಿಟೆಡ್’ ಇದೆಯೋ ನೋಡಿ. ನಂಬಬೇಕಾದ್ದು ಅದನ್ನು.

ಮುಂದಿನದು ಕರ್ನಲ್ ಲಾಗ್, ಅಂದರೆ ಡಿಮೆಸೇಜ್ ಅಥವಾ ‘ಜರ್ನಲ್‌ಸಿಟಿಎಲ್ -ಕೆ’. ಎಕ್ಸ್86ನಲ್ಲಿ ಸೆಗ್‌ಫಾಲ್ಟ್ ಸಾಲಿನ ಕೊನೆಯ ಹತ್ತಿರ ‘ಎರರ್’ ಎಂದು ಒಂದು ಸಂಖ್ಯೆ ಇರುತ್ತದೆ. ಅದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. 4 ಎಂದರೆ ಇಲ್ಲದ ಪುಟದಿಂದ ಓದಲು ಹೋಗಿದೆ, 6 ಎಂದರೆ ಇಲ್ಲದ ಪುಟಕ್ಕೆ ಬರೆಯಲು ಹೋಗಿದೆ, 7 ಎಂದರೆ ಪುಟ ಇದೆ ಆದರೆ ಬರೆಯಲು ಅನುಮತಿ ಇಲ್ಲ. 14 ಅಥವಾ 15 ಕಂಡರೆ ಕೋಡ್ ಇಲ್ಲದ ಜಾಗಕ್ಕೆ ಹಾರಿದೆ, ಅಂದರೆ ಫಂಕ್ಷನ್ ಪಾಯಿಂಟರ್ ಅಥವಾ ಸ್ಟ್ಯಾಕ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಇವು ಹೆಕ್ಸಾಡೆಸಿಮಲ್ ಸಂಖ್ಯೆಗಳು. ಪ್ರೋಗ್ರಾಂ ಸ್ವತಃ ಸಿಗ್‌ಸೆಗ್‌ವಿಗೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಹಾಕಿಕೊಂಡಿದ್ದರೆ ಈ ಸಾಲು ಬರುವುದಿಲ್ಲ ಎಂಬುದನ್ನು ನೆನಪಿಡಿ.

ಇಲ್ಲೇ ಒಂದು ಮೋಸವಿದೆ. 64 ಬಿಟ್ ಎಕ್ಸ್86ನಲ್ಲಿ ವಿಳಾಸವೇ ಅಲ್ಲದ ಕಸದ ಸಂಖ್ಯೆಯೊಂದನ್ನು ಪಾಯಿಂಟರ್ ಎಂದು ಬಳಸಿದರೆ ಪ್ರೊಸೆಸರ್ ಪೇಜ್ ಫಾಲ್ಟ್ ಬದಲು ಜನರಲ್ ಪ್ರೊಟೆಕ್ಷನ್ ಫಾಲ್ಟ್ ಕೊಡುತ್ತದೆ. ಆಗ ತಪ್ಪಾದ ವಿಳಾಸದ ಜಾಗದಲ್ಲಿ ಕರ್ನಲ್ 0 ತುಂಬುತ್ತದೆ. ಅದನ್ನು ನೋಡಿ ನಲ್ ಪಾಯಿಂಟರ್ ಹುಡುಕಲು ಹೊರಟವರು ದಿನಗಟ್ಟಲೆ ದಾರಿ ತಪ್ಪುತ್ತಾರೆ. ಡಿಮೆಸೇಜ್‌ನಲ್ಲಿ ‘ಜನರಲ್ ಪ್ರೊಟೆಕ್ಷನ್ ಫಾಲ್ಟ್’ ಎಂಬ ಪದಗಳಿದ್ದರೆ, ಅಥವಾ ಸಿಗ್ನಲ್ ಕೋಡ್ 128 ಇದ್ದರೆ, ಹುಡುಕಬೇಕಾದ್ದು ಫ್ರೀ ಮಾಡಿದ ಮೇಲೂ ಬಳಸಿದ ಅಥವಾ ಮೇಲೆ ಬೇರೇನೋ ಬರೆದುಹೋದ ಪಾಯಿಂಟರನ್ನು.

137ಕ್ಕೆ ಮೊದಲು ನೋಡಬೇಕಾದ್ದು ‘ಔಟ್ ಆಫ್ ಮೆಮೊರಿ’ ಸಾಲು. ‘ಮೆಮೊರಿ ಸಿಗ್ರೂಪ್’ ಎಂದು ಸೇರಿದ್ದರೆ ಮುಗಿದದ್ದು ಇಡೀ ಯಂತ್ರದ ಮೆಮೊರಿಯಲ್ಲ, ಆ ಕಂಟೇನರ್ ಅಥವಾ ಸರ್ವಿಸ್‌ಗೆ ಹಾಕಿದ ಮಿತಿ. ಉಬುಂಟು 22.04 ಡೆಸ್ಕ್‌ಟಾಪ್‌ನಲ್ಲಿ ಸಿಸ್ಟಂಡಿ-ಓಓಎಂಡಿ ಮೊದಲೇ ಚಾಲೂ ಇರುತ್ತದೆ. ಅದು ಕರ್ನಲ್‌ಗಿಂತ ಮೊದಲೇ ಕೊಲ್ಲುವುದರಿಂದ ಕುರುಹು ಸಿಗುವುದು ಆ ಡೀಮನ್‌ನ ಜರ್ನಲ್‌ನಲ್ಲಿ. ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ: ಸಿಸ್ಟಂಡಿ ಸರ್ವಿಸ್ ಒಂದರ ಮಗು ಪ್ರೊಸೆಸ್ ಓಓಎಂನಲ್ಲಿ ಸತ್ತರೆ, ಓಓಎಂ ಪಾಲಿಸಿಯ ಡೀಫಾಲ್ಟ್ ‘ಸ್ಟಾಪ್’ ಆಗಿರುವುದರಿಂದ, ಸಿಸ್ಟಂಡಿ ಇಡೀ ಸರ್ವಿಸನ್ನೇ ನಿಲ್ಲಿಸುತ್ತದೆ. ತಾಯಿ ಪ್ರೊಸೆಸ್‌ಗೆ ಕಾಣುವುದು ಒಂದು ಸಿಗ್‌ಟರ್ಮ್ (15) ಮಾತ್ರ. ಮೆಮೊರಿ ಸಮಸ್ಯೆ ಟರ್ಮ್ ವೇಷದಲ್ಲಿ ಬರುತ್ತದೆ.

## ಮಳೆಗಾಲದ ಸಿಗ್ನಲ್‌ಗಳು

ಮಲೆನಾಡಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಇಲ್ಲಿನ ಎಷ್ಟೋ ‘ಕಾರಣವಿಲ್ಲದ’ ಸಾವುಗಳ ಹಿಂದೆ ಇರುವುದು ನೆಟ್‌ವರ್ಕ್ ಮತ್ತು ಕರೆಂಟು.

ಎಸ್‌ಎಸ್‌ಎಚ್ ಕಡಿದರೆ ಸಿಗ್‌ಹಪ್ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಯಾವಾಗ ಬರುತ್ತದೆ ಎಂಬುದರಲ್ಲಿ ಗೊಂದಲ. ಮೊಬೈಲ್ ಟವರ್ ಹೋದಾಗ ಸರ್ವರ್‌ಗೆ ಯಾರೂ ‘ಮುಚ್ಚುತ್ತಿದ್ದೇನೆ’ ಎಂದು ಹೇಳಿರುವುದಿಲ್ಲ. ಪ್ರೋಗ್ರಾಂ ಪರದೆಗೆ ಏನಾದರೂ ಬರೆಯುತ್ತಲೇ ಇದ್ದರೆ ಟಿಸಿಪಿ ಮತ್ತೆ ಮತ್ತೆ ಕಳಿಸಲು ಯತ್ನಿಸಿ, ಡೀಫಾಲ್ಟ್ 15 ಮರುಯತ್ನಗಳಾದ ಮೇಲೆ, ಸುಮಾರು 15 ನಿಮಿಷಕ್ಕೆ ಕೈಬಿಡುತ್ತದೆ. ಪ್ರೋಗ್ರಾಂ ಸುಮ್ಮನೆ ಓಡುತ್ತಿದ್ದರೆ, ಆ ಕಡೆಯವರು ಇದ್ದಾರೆಯೇ ಎಂದು ಪರೀಕ್ಷಿಸುವ ಕೀಪ್‌ಅಲೈವ್ ಶುರುವಾಗುವುದೇ 7200 ಸೆಕೆಂಡ್ ನಂತರ, ಅದಾದ ಮೇಲೆ 75 ಸೆಕೆಂಡಿಗೊಂದರಂತೆ 9 ಪರೀಕ್ಷೆ: ಒಟ್ಟು 2 ಗಂಟೆ 11 ನಿಮಿಷ. ಅಷ್ಟರಲ್ಲಿ ನೆಟ್‌ವರ್ಕ್ ಮರಳಿ ಬಂದು, ನೀವು ಹೊಸದಾಗಿ ಲಾಗಿನ್ ಆಗಿ, ಪ್ರೋಗ್ರಾಂ ಓಡುತ್ತಿದೆ ಎಂದು ನೋಡಿ ಸಮಾಧಾನ ಪಟ್ಟಿರುತ್ತೀರಿ. ಆಮೇಲೆ ಎಲ್ಲ ಸರಿಯಿರುವಾಗಲೇ ಅದು ಸಾಯುತ್ತದೆ. ಎಸ್‌ಎಸ್‌ಎಚ್‌ಡಿಯಲ್ಲಿ ಕ್ಲೈಂಟ್‌ಅಲೈವ್‌ಇಂಟರ್ವಲ್ ಹಾಕಿದ್ದರೆ ಈ ಅವಧಿ ಬದಲಾಗುತ್ತದೆ: 60 ಹಾಕಿ ಕೌಂಟ್ ಡೀಫಾಲ್ಟ್ 3 ಇದ್ದರೆ ಸುಮಾರು 3 ನಿಮಿಷ.

ಆಗಲೂ ಪ್ರೋಗ್ರಾಂಗೆ ಹಪ್ ಕಳಿಸಿದವರು ಕರ್ನಲ್ ಎಂದೇನೂ ಇಲ್ಲ. ಟರ್ಮಿನಲ್ ಮುಚ್ಚಿದಾಗ ಕರ್ನಲ್ ಶೆಲ್‌ಗೆ ಹಪ್ ಕೊಡುತ್ತದೆ, ಬ್ಯಾಷ್ ಅದನ್ನು ತನ್ನ ಜಾಬ್‌ಗಳಿಗೆಲ್ಲ ಹಂಚುತ್ತದೆ. ಟ್ರೇಸ್‌ನಲ್ಲಿ ಕಳಿಸಿದವರು ಬ್ಯಾಷ್ ಎಂದು ಕಂಡರೆ ಯಾರೋ ಕಮಾಂಡ್ ಕೊಟ್ಟು ಕೊಂದರೆಂದು ತಿಳಿಯಬೇಡಿ. ಗಂಟೆಗಟ್ಟಲೆ ಓಡಬೇಕಾದ ಕೆಲಸವನ್ನು, ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಉಳಿಯುವ ಟಿಮಕ್ಸ್ ಒಳಗೆ ಅಥವಾ ‘ಸಿಸ್ಟಂಡಿ-ರನ್’ ಮೂಲಕ ಹಚ್ಚಿದರೆ ಈ ತೊಂದರೆಯೇ ಇಲ್ಲ.

ಕರೆಂಟು ಹೋದಾಗ ಎರಡು ಸಾಧ್ಯತೆ. ಯುಪಿಎಸ್ ಯುಎಸ್‌ಬಿಯಲ್ಲಿ ಜೋಡಿಸಿ ನಟ್ ಅಥವಾ ಎಪಿಸಿಯುಪಿಎಸ್‌ಡಿ ಎಂಬ ಡೀಮನ್ ಹಾಕಿದ್ದರೆ, ಬ್ಯಾಟರಿ ಇಳಿದಾಗ ಅದು ಶಟ್‌ಡೌನ್ ಶುರುಮಾಡುತ್ತದೆ. ಎಲ್ಲ ಸರ್ವಿಸ್‌ಗಳಿಗೂ ಒಟ್ಟಿಗೆ ಸಿಗ್‌ಟರ್ಮ್, ಡೀಫಾಲ್ಟ್ 90 ಸೆಕೆಂಡಿನೊಳಗೆ ನಿಲ್ಲದವಕ್ಕೆ ಸಿಗ್‌ಕಿಲ್. ನಿಮ್ಮ ಪ್ರೋಗ್ರಾಂ ಸತ್ತ ಅದೇ ಸೆಕೆಂಡಿನಲ್ಲಿ ಉಳಿದವೂ ನಿಂತಿವೆಯೇ ಎಂದು ಜರ್ನಲ್‌ನಲ್ಲಿ ನೋಡಿದರೆ ಸಾಕು. ಯುಪಿಎಸ್ ಇಲ್ಲದೆ ನೇರ ಕರೆಂಟು ಹೋಗಿದ್ದರೆ ಯಾವ ಸಿಗ್ನಲೂ ಬಂದಿರುವುದಿಲ್ಲ. ‘ಲಾಸ್ಟ್ -ಎಕ್ಸ್’ನಲ್ಲಿ ಶಟ್‌ಡೌನ್ ಸಾಲಿಲ್ಲದೆ ರೀಬೂಟ್ ಸಾಲು ಮಾತ್ರ ಇದ್ದರೆ ಸಿಗ್ನಲ್ ಹುಡುಕುವುದನ್ನು ಅಲ್ಲಿಗೇ ಬಿಡಿ. ಜರ್ನಲ್ ಸಾಮಾನ್ಯ ಸಂದೇಶಗಳನ್ನು ಡಿಸ್ಕ್‌ಗೆ ಸಿಂಕ್ ಮಾಡುವುದು ಡೀಫಾಲ್ಟ್ 5 ನಿಮಿಷಕ್ಕೊಮ್ಮೆ, ಹಾಗಾಗಿ ಕೊನೆಯ ನಿಮಿಷಗಳ ಲಾಗ್ ಕಳೆದಿರಲೂ ಬಹುದು.

ಕರೆಂಟು ಬಂದ ಮೇಲೆ ಕಾಡುವ ಸಮಸ್ಯೆ ಇನ್ನೊಂದಿದೆ: ಹಳೆಯ ಪಿಐಡಿ (ಪ್ರೊಸೆಸ್ ಸಂಖ್ಯೆ) ಫೈಲ್. /ರನ್ ಒಳಗಿನ ಫೈಲುಗಳು ರೀಬೂಟ್‌ಗೆ ಅಳಿಸಿಹೋಗುತ್ತವೆ. ಆದರೆ /ಆಪ್ಟ್ ಅಥವಾ ಹೋಮ್ ಡೈರೆಕ್ಟರಿಯಲ್ಲಿ ಸ್ಕ್ರಿಪ್ಟ್ ಬರೆದಿಟ್ಟ ಪಿಐಡಿ ಫೈಲ್ ಉಳಿದಿರುತ್ತದೆ. ಅದರೊಳಗಿನ ಸಂಖ್ಯೆ ಈಗ ಬೇರೆ ಪ್ರೊಸೆಸ್‌ನದು. ‘ಹಳೆಯದನ್ನು ಕೊಂದು ಹೊಸದನ್ನು ಹಚ್ಚು’ ಎನ್ನುವ ಸ್ಕ್ರಿಪ್ಟ್ ಆ ಸಂಖ್ಯೆಗೆ ಕಿಲ್ ಕಳಿಸಿದರೆ ಸಂಬಂಧವೇ ಇಲ್ಲದ ಪ್ರೋಗ್ರಾಂ ಸಾಯುತ್ತದೆ. ಕರೆಂಟು ಹೋಗಿ ಬಂದ ದಿನಗಳಲ್ಲಷ್ಟೇ ಸಾಯುವ ಪ್ರೋಗ್ರಾಂ ಕಂಡರೆ ಮೊದಲ ಸಂಶಯ ಇದರ ಮೇಲಿರಲಿ. ಮಾದರಿಗೆ ಹೊಂದುವ ಎಲ್ಲವನ್ನೂ ಕೊಲ್ಲುವ ‘ಪಿಕಿಲ್ -ಎಫ್’ ಇರುವ ಕ್ರಾನ್ ಸಾಲುಗಳನ್ನೂ ಒಮ್ಮೆ ನೋಡಿಬಿಡಿ.

## ಕಳಿಸಿದವರನ್ನು ಹಿಡಿಯಲು: ಎಸ್‌ಟ್ರೇಸ್, ಟ್ರೇಸ್‌ಪಾಯಿಂಟ್, ಆಡಿಟ್

ಪ್ರೊಸೆಸ್‌ನ ಸಿಸ್ಟಂ ಕಾಲ್, ಸಿಗ್ನಲ್‌ಗಳನ್ನು ಸಾಲುಸಾಲಾಗಿ ತೋರಿಸುವ ಎಸ್‌ಟ್ರೇಸ್ ಹತ್ತಿರದ ದಾರಿ. ಓಡುತ್ತಿರುವ ಪ್ರೊಸೆಸ್‌ಗೆ ‘-ಎಫ್ -ಟಿಟಿ -ಪಿ’ ಜೊತೆ ಪಿಐಡಿ ಕೊಟ್ಟು, ‘-ಇ ಟ್ರೇಸ್=ನನ್’ ಸೇರಿಸಿದರೆ ಸಿಸ್ಟಂ ಕಾಲ್‌ಗಳ ರಾಶಿ ಮರೆಯಾಗಿ ಸಿಗ್ನಲ್ ಸಾಲುಗಳು ಮಾತ್ರ ಉಳಿಯುತ್ತವೆ. ಪ್ರತಿ ಸಾಲಿನಲ್ಲೂ ಸಿಗ್ನಲ್ ಹೆಸರು, ಕೋಡ್, ಬೇರೆ ಪ್ರೊಸೆಸ್ ಕಳಿಸಿದ್ದಾದರೆ ಅದರ ಪಿಐಡಿ, ಯೂಸರ್ ಸಂಖ್ಯೆ ಇರುತ್ತವೆ. ಕೋಡ್ ‘ಎಸ್‌ಐ ಯೂಸರ್’ (0) ಇದ್ದರೆ ‘ಕಿಲ್’ನಿಂದ ಬಂದದ್ದು. ‘ಎಸ್‌ಐ ಟಿಕಿಲ್’ (-6) ಇದ್ದು ಪಿಐಡಿ ತನ್ನದೇ ಆಗಿದ್ದರೆ ಪ್ರೋಗ್ರಾಂ ತಾನೇ ಅಬಾರ್ಟ್ ಕರೆದಿದೆ. ‘ಎಸ್‌ಐ ಕರ್ನಲ್’ (128) ಎಂದರೆ ಕರ್ನಲ್.

ಮಿತಿ ಎರಡು. ಸಿಗ್‌ಕಿಲ್ ಬಂದಾಗ ‘ಕಿಲ್ಡ್ ಬೈ ಸಿಗ್‌ಕಿಲ್’ ಎಂದಷ್ಟೇ ಬರುತ್ತದೆ, ಕಳಿಸಿದವರ ವಿವರ ಇಲ್ಲ. ಆ ಸಿಗ್ನಲನ್ನು ಕರ್ನಲ್ ಟ್ರೇಸರ್ ಕೈಗೆ ಕೊಡುವುದೇ ಇಲ್ಲ. ಎರಡನೆಯದು ವೇಗ. ಪಿಟ್ರೇಸ್ (ಎಸ್‌ಟ್ರೇಸ್, ಜಿಡಿಬಿ ಬಳಸುವ ಕರ್ನಲ್ ಸೌಲಭ್ಯ) ಪ್ರತಿ ಸಿಸ್ಟಂ ಕಾಲ್‌ನ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಪ್ರೊಸೆಸನ್ನು ನಿಲ್ಲಿಸುತ್ತದೆ, ನೀವು ಸಾಲುಗಳನ್ನು ಮರೆಮಾಡಿದರೂ ಈ ನಿಲುಗಡೆ ತಪ್ಪುವುದಿಲ್ಲ. ಎಸ್‌ಟ್ರೇಸ್ 5.3ರಿಂದ ಬಂದ ಸೆಕ್‌ಕಾಂಪ್-ಬಿಪಿಎಫ್ ಆಯ್ಕೆ ಇದನ್ನು ಕಡಿಮೆ ಮಾಡುತ್ತದೆ, ಆದರೆ ಓಡುತ್ತಿರುವ ಪ್ರೊಸೆಸ್‌ಗೆ ‘-ಪಿ’ಯಿಂದ ಅಂಟಿಕೊಂಡಾಗ ಅದು ನಡೆಯದು. ಡೇಟಾಬೇಸ್‌ನಂಥ ಗಡಿಬಿಡಿಯ ಪ್ರೊಸೆಸ್‌ಗೆ ಮಧ್ಯಾಹ್ನದ ಹೊತ್ತಿನಲ್ಲಿ ಇದನ್ನು ಅಂಟಿಸಬಾರದು.

ನಮ್ಮ ಆಯ್ಕೆ ಕರ್ನಲ್‌ನ ‘ಸಿಗ್ನಲ್ ಜನರೇಟ್’ ಟ್ರೇಸ್‌ಪಾಯಿಂಟ್ (ಕರ್ನಲ್ ಕೋಡಿನೊಳಗೆ ಮೊದಲೇ ಇಟ್ಟಿರುವ ಗಮನಿಸುವ ಜಾಗ). ಸಿಗ್ನಲ್ ಹುಟ್ಟುವ ಜಾಗದಲ್ಲೇ ಅದು ಕೂತಿರುವುದರಿಂದ ಸಿಗ್‌ಕಿಲ್ ಕೂಡ ಕಾಣುತ್ತದೆ, ಪ್ರೊಸೆಸ್‌ಗೆ ಅಂಟಿಕೊಳ್ಳುವ ಅಗತ್ಯವೂ ಇಲ್ಲ. ಇನ್ನೊಂದು ಲಾಭ: ಕರ್ನಲ್‌ನಲ್ಲೇ ಇರುವ ಎಫ್‌ಟ್ರೇಸ್ ಮೂಲಕ ಬಳಸಿದರೆ ಯಾವ ಪ್ಯಾಕೇಜೂ ಬೇಡ. ನಿಧಾನದ ನೆಟ್‌ನಲ್ಲಿ ನೂರಾರು ಎಂಬಿ ಇಳಿಸಿಕೊಳ್ಳಲಾಗದ ಜಾಗದಲ್ಲಿ ಇದು ದೊಡ್ಡ ಮಾತು. ರೂಟ್ ಆಗಿ /ಸಿಸ್/ಕರ್ನಲ್/ಟ್ರೇಸಿಂಗ್/ಈವೆಂಟ್ಸ್/ಸಿಗ್ನಲ್ ಒಳಗಿನ ಸಿಗ್ನಲ್ ಜನರೇಟ್ ಡೈರೆಕ್ಟರಿಗೆ ಹೋಗಿ. ಅಲ್ಲಿನ ‘ಫಿಲ್ಟರ್’ ಫೈಲಿಗೆ ‘ಸಿಗ್ == 9’ ಎಂದು ಬರೆಯಿರಿ, ‘ಎನೇಬಲ್’ ಫೈಲಿಗೆ 1 ಬರೆಯಿರಿ, ಟ್ರೇಸಿಂಗ್ ಡೈರೆಕ್ಟರಿಯ ‘ಟ್ರೇಸ್ ಪೈಪ್’ ಫೈಲನ್ನು ಕ್ಯಾಟ್ ಮಾಡಿ ಒಂದು ಫೈಲಿಗೆ ತಿರುಗಿಸಿ ಬಿಡಿ. ಸಾಲಿನ ಎಡತುದಿಯ ಹೆಸರು ಮತ್ತು ಪಿಐಡಿ ಕಳಿಸಿದವರದು, ಬಲಗಡೆ ‘ಕಾಮ್’, ‘ಪಿಐಡಿ’ ಎಂದಿರುವುದು ಪಡೆದವರದು. ಕೊನೆಯ ‘ರೆಸ್’ 0 ಇದ್ದರೆ ತಲುಪಿದೆ, 1 ಇದ್ದರೆ ಪ್ರೊಸೆಸ್ ಅದನ್ನು ಕಡೆಗಣಿಸಿದೆ, 2 ಇದ್ದರೆ ಅದೇ ಸಿಗ್ನಲ್ ಆಗಲೇ ಬಾಕಿಯಿತ್ತು. ಕೆಲಸ ಮುಗಿದ ಮೇಲೆ ಎನೇಬಲ್‌ಗೆ 0, ಫಿಲ್ಟರ್‌ಗೂ 0 ಬರೆಯಲು ಮರೆಯಬೇಡಿ.

ಓದುವಾಗ ಒಂದು ಎಚ್ಚರ. ಕರ್ನಲ್ ತಾನೇ ಹುಟ್ಟಿಸಿದ ಸಿಗ್ನಲ್‌ಗಳಲ್ಲಿ ಎಡಗಡೆ ಕಾಣುವುದು ಆ ಕ್ಷಣ ಸಿಪಿಯು ಮೇಲಿದ್ದ ಪ್ರೊಸೆಸ್. ಓಓಎಂ ಸಂದರ್ಭದಲ್ಲಿ ಅದು ಮೆಮೊರಿ ಕೇಳಿದ ಯಾವುದೋ ಬಡಪಾಯಿ ಪ್ರೋಗ್ರಾಂ ಆಗಿರಬಹುದು. ಕೋಡ್ 128 ಇದ್ದರೆ ಎಡಗಡೆಯ ಹೆಸರನ್ನು ಆರೋಪಿ ಎಂದು ಹಿಡಿಯಬೇಡಿ.

ಬಿಪಿಎಫ್‌ಟ್ರೇಸ್ ಇದೇ ಟ್ರೇಸ್‌ಪಾಯಿಂಟ್ ಮೇಲೆ ಇನ್ನೂ ಹೆಚ್ಚು ಹೇಳಬಲ್ಲದು: ಕಳಿಸಿದವರ ಸ್ಟ್ಯಾಕ್, ಅವರ ಪೇರೆಂಟ್ ಹೆಸರು. ಕಳಿಸಿದ್ದು ‘ಪಿಕಿಲ್’ ಎಂದು ಗೊತ್ತಾದರೆ ಏನೂ ಗೊತ್ತಾದಂತಲ್ಲ, ಅದನ್ನು ಹಚ್ಚಿದ ಸ್ಕ್ರಿಪ್ಟ್ ಬೇಕು, ಆಗ ಪೇರೆಂಟ್ ಮುಖ್ಯ. ಉಬುಂಟುವಿನ ಬಿಪಿಎಫ್‌ಸಿಸಿ-ಟೂಲ್ಸ್ ಪ್ಯಾಕೇಜಿನಲ್ಲಿ ಸಿಗುವ ಕಿಲ್‌ಸ್ನೂಪ್ ಸುಲಭ, ಆದರೆ ಅದು ನೋಡುವುದು ‘ಕಿಲ್’ ಸಿಸ್ಟಂ ಕಾಲನ್ನು. ಓಓಎಂ ಕಿಲ್ಲರ್ ಸಿಸ್ಟಂ ಕಾಲ್ ಮಾಡುವುದಿಲ್ಲವಾದ್ದರಿಂದ ಅಲ್ಲಿ ಅದು ಖಾಲಿ ಕೈ.

ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುವ ಸಿಗ್ನಲ್‌ಗೆ ಆಡಿಟ್‌ಡಿ ಮೇಲು. ಆಡಿಟ್‌ಸಿಟಿಎಲ್‌ನಲ್ಲಿ 64 ಬಿಟ್ ‘ಕಿಲ್’ ಕಾಲ್‌ಗೆ ‘ಎ1=9’ ಎಂಬ ಷರತ್ತಿನ ನಿಯಮ ಹಾಕಿ ಒಂದು ಕೀ ಕೊಟ್ಟರೆ ಮುಗಿಯಿತು, ಆಮೇಲೆ ‘ಎಯುಸರ್ಚ್ -ಐ -ಕೆ’ಯಿಂದ ತೆಗೆಯಬಹುದು. ‘ಟಿಜಿಕಿಲ್’ಗೂ ಬೇರೆ ನಿಯಮ ಬೇಕು, ಅಲ್ಲಿ ಸಿಗ್ನಲ್ ಸಂಖ್ಯೆ ‘ಎ2’ನಲ್ಲಿದೆ. ಆಡಿಟ್‌ನ ಬೆಲೆ ಇರುವುದು ‘ಎಯುಐಡಿ’ಯಲ್ಲಿ: ಸುಡೋ ಮಾಡಿ ರೂಟ್ ಆಗಿದ್ದರೂ ಮೊದಲು ಯಾವ ಖಾತೆಯಿಂದ ಲಾಗಿನ್ ಆಗಿದ್ದರು ಎಂಬುದು ಅದರಲ್ಲಿ ಉಳಿಯುತ್ತದೆ. ಒಂದೇ ಸರ್ವರನ್ನು ಹತ್ತು ಜನ ಬಳಸುವ ಕಾಲೇಜ್ ಲ್ಯಾಬ್‌ನಲ್ಲಿ ಇದಕ್ಕೆ ಸಾಟಿಯಿಲ್ಲ. ಓಓಎಂ ಇದಕ್ಕೂ ಕಾಣದು.

ಸಮಯದ ಅಂತರವೂ ಕಳಿಸಿದವರ ಗುರುತೇ. ಟರ್ಮ್ ಬಂದು 90 ಸೆಕೆಂಡಿಗೆ ಕಿಲ್ ಬಂದರೆ ಸಿಸ್ಟಂಡಿ, 10 ಸೆಕೆಂಡಿಗೆ ಬಂದರೆ ‘ಡಾಕರ್ ಸ್ಟಾಪ್’, 30 ಸೆಕೆಂಡಿಗೆ ಬಂದರೆ ಕುಬರ್ನೆಟಿಸ್. ಆಗ ಕೇಳಬೇಕಾದ್ದು ಟರ್ಮ್ ಬಂದಾಗ ಪ್ರೋಗ್ರಾಂ ಯಾಕೆ ನಿಲ್ಲಲಿಲ್ಲ ಎಂದು. ಕಂಟೇನರ್‌ನೊಳಗೆ 1ನೇ ಪಿಐಡಿ ಆಗಿರುವ ಪ್ರೊಸೆಸ್, ಹ್ಯಾಂಡ್ಲರ್ ಹಾಕಿಕೊಳ್ಳದಿದ್ದರೆ, ಟರ್ಮ್ ಬಂದರೂ ಅಲುಗುವುದಿಲ್ಲ. ಶೆಲ್ ಮೂಲಕ ಹಚ್ಚಿದ್ದರೆ ಶೆಲ್ಲೇ 1ನೇ ಪಿಐಡಿಯಾಗಿ ಸಿಗ್ನಲನ್ನು ಮುಂದೆ ದಾಟಿಸದೆ ಇಟ್ಟುಕೊಳ್ಳುತ್ತದೆ. ಯಾವ ಸಿಗ್ನಲ್ ತಡೆದಿದೆ, ಯಾವುದನ್ನು ಕಡೆಗಣಿಸಿದೆ ಎಂಬುದು /ಪ್ರೊಕ್ ಒಳಗೆ ಆ ಪಿಐಡಿಯ ‘ಸ್ಟೇಟಸ್’ ಫೈಲಿನಲ್ಲಿದೆ: ಸಿಗ್‌ಬ್ಲಾಕ್, ಸಿಗ್‌ಇಗ್ನೋರ್, ಸಿಗ್‌ಕಾಟ್ ಸಾಲುಗಳು. ಹೆಕ್ಸ್ ಸಂಖ್ಯೆಯನ್ನು ಬಲದಿಂದ ಓದಿ, ಒಂದೊಂದು ಅಂಕೆ ನಾಲ್ಕು ಸಿಗ್ನಲ್‌ಗೆ. ಪೈಥಾನ್ ಪ್ರೊಸೆಸ್‌ನಲ್ಲಿ ಕಡೆಗಣಿಸುವ ಸಾಲು 1001000 ಎಂದು ಮುಗಿಯುತ್ತದೆ. ಬಲದಿಂದ 4ನೇ ಅಂಕೆಯ 1 ಎಂದರೆ 13, ಸಿಗ್‌ಪೈಪ್. 7ನೇ ಅಂಕೆಯ 1 ಎಂದರೆ 25, ಫೈಲ್ ಗಾತ್ರದ ಮಿತಿಯದು.

## ಒಳಗಿನ ತಪ್ಪಿಗೆ: ಕೋರ್ ಡಂಪ್, ಜಿಡಿಬಿ, ಆರ್‌ಆರ್, ಸ್ಯಾನಿಟೈಸರ್

ಸಿಗ್‌ಸೆಗ್‌ವಿ, ಅಬಾರ್ಟ್, ಬಸ್, ಎಫ್‌ಪಿಇ, ಇಲ್ ಇವುಗಳಿಗೆ ಕೋರ್ ಡಂಪ್ ಮೊದಲ ಆಯ್ಕೆ. ಪ್ರೋಗ್ರಾಂ ಎಂದಿನ ವೇಗದಲ್ಲೇ ಓಡುತ್ತದೆ, ಸತ್ತ ಕ್ಷಣದ ಚಿತ್ರ ಉಳಿಯುತ್ತದೆ. ಸಿಸ್ಟಂಡಿ-ಕೋರ್‌ಡಂಪ್ ಹಾಕಿ, ಸರ್ವಿಸ್‌ಗೆ ‘ಲಿಮಿಟ್‌ಕೋರ್=ಇನ್‌ಫಿನಿಟಿ’ ಕೊಡಿ, ಸತ್ತ ಮೇಲೆ ‘ಕೋರ್‌ಡಂಪ್‌ಸಿಟಿಎಲ್ ಲಿಸ್ಟ್’, ಅನಂತರ ‘ಕೋರ್‌ಡಂಪ್‌ಸಿಟಿಎಲ್ ಡೀಬಗ್’. ಒಳಗೆ ಹೋಗಿ ‘ಥ್ರೆಡ್ ಅಪ್ಲೈ ಆಲ್ ಬಿಟಿ’, ‘ಎಕ್ಸ್/ಐ $ಪಿಸಿ’, ‘ಪಿ $_ಸಿಗ್‌ಇನ್ಫೋ’ ಮೂರೂ ಕೊಡಿ. ಬೈನರಿ ಸತ್ತಾಗ ಇದ್ದದ್ದೇ ಆಗಿರಬೇಕು. ಮಧ್ಯೆ ಮತ್ತೆ ಕಂಪೈಲ್ ಮಾಡಿದ್ದರೆ ಬ್ಯಾಕ್‌ಟ್ರೇಸ್ ಸುಳ್ಳು ಹೇಳುತ್ತದೆ. ಜಿಡಿಬಿ ಶುರುವಿನಲ್ಲಿ ಡೀಬಗ್‌ಇನ್ಫೋಡಿ ಬೇಕೇ ಎಂದು ಕೇಳಿದರೆ, ಮೊಬೈಲ್ ಡೇಟಾದಲ್ಲಿರುವವರು ಯೋಚಿಸಿ ಉತ್ತರಿಸಿ, ದೊಡ್ಡ ಲೈಬ್ರರಿಗಳ ಸಿಂಬಲ್ ಫೈಲುಗಳು ಭಾರ. ಕೋರ್ ಫೈಲಿನಲ್ಲಿ ಪಾಸ್‌ವರ್ಡ್, ಗ್ರಾಹಕರ ಮಾಹಿತಿ ಎಲ್ಲ ಇರುತ್ತದೆ, ಅದನ್ನು ವಾಟ್ಸಾಪ್ ಗುಂಪಿಗೆ ಹಾಕುವ ವಸ್ತು ಎಂದುಕೊಳ್ಳಬೇಡಿ. ಸಿಗ್‌ಕಿಲ್ ಮತ್ತು ಟರ್ಮ್‌ಗೆ ಕೋರ್ ಬರುವುದೇ ಇಲ್ಲ.

ಕೆಲವು ಸಿಗ್ನಲ್‌ಗಳಿಗೆ ಕಾರಣ ಹೆಚ್ಚುಕಡಿಮೆ ಗೊತ್ತಿರುವುದೇ. ಸಿಗ್‌ಬಸ್ ಬಂದರೆ, ಎಂಮ್ಯಾಪ್ ಮಾಡಿದ (ಮೆಮೊರಿಗೆ ಜೋಡಿಸಿದ) ಫೈಲನ್ನು ಇನ್ಯಾರೋ ಮೊಟಕುಗೊಳಿಸಿದ್ದಾರೆಯೇ, ಅಥವಾ ಡಾಕರ್ ಒಳಗೆ /ಡೆವ್/ಎಸ್‌ಎಚ್‌ಎಂ ತುಂಬಿದೆಯೇ (ಡೀಫಾಲ್ಟ್ 64 ಎಂಬಿ) ನೋಡಿ. ಸಿಗ್‌ಇಲ್ ಬಂದು ‘ಎಕ್ಸ್/ಐ’ನಲ್ಲಿ ‘ವೈಎಂಎಂ’ ರಿಜಿಸ್ಟರ್ ಕಂಡರೆ, ಹೊಸ ಯಂತ್ರದಲ್ಲಿ ‘ಮಾರ್ಚ್=ನೇಟಿವ್’ ಕೊಟ್ಟು ಕಟ್ಟಿದ ಬೈನರಿಯನ್ನು ಎವಿಎಕ್ಸ್ ಇನ್‌ಸ್ಟ್ರಕ್ಷನ್‌ಗಳಿಲ್ಲದ ಪ್ರೊಸೆಸರ್ ಮೇಲೆ ಓಡಿಸುತ್ತಿದ್ದೀರಿ. 2020ರ ಹಲವು ಸೆಲೆರಾನ್, ಪೆಂಟಿಯಂಗಳಲ್ಲೂ ಅದಿಲ್ಲ, ಅಂಗಡಿ, ಲ್ಯಾಬ್‌ಗಳಲ್ಲಿ ಅಂಥವೇ ಹೆಚ್ಚು. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಎಕ್ಸ್86ನಲ್ಲಿ ಸಿಗ್‌ಎಫ್‌ಪಿಇ, 64 ಬಿಟ್ ಆರ್ಮ್‌ನಲ್ಲಿ ಉತ್ತರ 0 ಬಂದು ಸದ್ದಿಲ್ಲದೆ ಮುಂದೆ ಹೋಗುತ್ತದೆ. ರಾಸ್ಪ್‌ಬೆರಿ ಪೈ ಮೇಲೆ ‘ಚೆನ್ನಾಗಿ’ ಓಡಿದ ಪ್ರೋಗ್ರಾಂ ಪಿಸಿಯಲ್ಲಿ ಸಾಯುವುದಕ್ಕೆ ಇದೊಂದು ಕಾರಣ.

‘ಡಬಲ್ ಫ್ರೀ ಆರ್ ಕರಪ್ಷನ್’, ‘ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್’ ಎಂಬ ಸಾಲಿನ ಜೊತೆ ಅಬಾರ್ಟ್ ಬಂದಿದ್ದರೆ ಕೋರ್ ಸಾಲದು. ಕೆಟ್ಟದ್ದು ಎಲ್ಲೋ, ಸಿಕ್ಕಿಬಿದ್ದದ್ದು ಇನ್ನೆಲ್ಲೋ. ಸೋರ್ಸ್ ಇದ್ದರೆ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಮತ್ತೆ ಕಟ್ಟಿ: ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸ್ಟ್ಯಾಕ್ ಮತ್ತು ಗ್ಲೋಬಲ್ ಅರೇ ದಾಟಿದ್ದೂ ಸಿಗುತ್ತದೆ. ಸೋರ್ಸ್ ಇಲ್ಲದಿದ್ದರೆ ವಾಲ್‌ಗ್ರೈಂಡ್: ಮತ್ತೆ ಕಟ್ಟಬೇಕಿಲ್ಲ, ಆದರೆ 20ರಿಂದ 30 ಪಟ್ಟು ನಿಧಾನ, ಸ್ಟ್ಯಾಕ್ ಅರೇ ದಾಟಿದ್ದು ಕಾಣದು. ಎರಡನ್ನೂ ಒಟ್ಟಿಗೆ ಬಳಸಲಾಗದು.

ಹತ್ತರಲ್ಲಿ ಒಮ್ಮೆ ಬರುವ ಸೆಗ್‌ಫಾಲ್ಟ್‌ಗೆ, ಪ್ರೋಗ್ರಾಂನ ಓಟವನ್ನು ರೆಕಾರ್ಡ್ ಮಾಡುವ ಆರ್‌ಆರ್ ನಮ್ಮ ಮೆಚ್ಚಿನದು. ಒಮ್ಮೆ ರೆಕಾರ್ಡ್‌ನಲ್ಲಿ ಸತ್ತರೆ ಸಾಕು, ಆಮೇಲೆ ರೀಪ್ಲೇಯಲ್ಲಿ ಎಷ್ಟು ಸಲ ಬೇಕಾದರೂ ಅದೇ ಸಾವು. ಸತ್ತ ಜಾಗಕ್ಕೆ ಹೋಗಿ ಕೆಟ್ಟ ಪಾಯಿಂಟರ್ ಮೇಲೆ ‘ವಾಚ್ -ಎಲ್’ ಇಟ್ಟು ‘ರಿವರ್ಸ್-ಕಂಟಿನ್ಯೂ’ ಕೊಟ್ಟರೆ ಅದನ್ನು ಕೆಡಿಸಿದ ಸಾಲಿಗೇ ಹಿಂದಕ್ಕೆ ಕರೆದೊಯ್ಯುತ್ತದೆ. ಥ್ರೆಡ್‌ಗಳ ಜಗಳವಾದರೆ ಕೇಯಾಸ್ ಮೋಡ್‌ನಲ್ಲಿ ರೆಕಾರ್ಡ್ ಮಾಡಿ. ಕೊರತೆ: ಎಲ್ಲ ಥ್ರೆಡ್‌ಗಳೂ ಒಂದೇ ಕೋರ್ ಮೇಲೆ ಓಡುತ್ತವೆ, ಪ್ರೊಸೆಸರ್‌ನ ಪರ್ಫಾರ್ಮೆನ್ಸ್ ಕೌಂಟರ್ ಬೇಕು. ಬಾಡಿಗೆ ಕ್ಲೌಡ್ ಯಂತ್ರಗಳಲ್ಲಿ ಅದು ಬಹಳ ಸಲ ಸಿಗುವುದಿಲ್ಲ, ಮೇಜಿನ ಮೇಲಿನ ಪಿಸಿಯಲ್ಲಿ ಸಿಗುತ್ತದೆ.

## ಡೀಬಗ್ಗರ್ ತಾನೇ ತರುವ ಸಿಗ್ನಲ್

ಜಿಡಿಬಿಯೊಳಗೆ ಮಾತ್ರ ಕಾಣುವ, ಹೊರಗೆ ಕಾಣದ ಸಿಗ್ನಲ್ ಇದ್ದರೆ ತಪ್ಪು ನಿಮ್ಮ ಕೋಡಿನದಾಗಿರದೆ ಹೋಗಬಹುದು. ಗೋ 1.14ರಿಂದ ಗೋರುಟೀನ್‌ಗಳನ್ನು ಮಧ್ಯೆ ತಡೆಯಲು ಸಿಗ್‌ಅರ್ಜ್ (23) ಬಳಸುತ್ತದೆ, ಎಸ್‌ಟ್ರೇಸ್ ಹಾಕಿದರೆ ಅದರದೇ ಮಳೆ. ಜಾವಾದ ಹಾಟ್‌ಸ್ಪಾಟ್ ನಲ್ ಪರೀಕ್ಷೆಗೆ ಸಿಗ್‌ಸೆಗ್‌ವಿಯನ್ನೇ ಬೇಕೆಂದು ಬಳಸಿಕೊಳ್ಳುತ್ತದೆ. ಇಂಥಲ್ಲಿ ‘ಹ್ಯಾಂಡಲ್’ ಕಮಾಂಡ್‌ಗೆ ಸಿಗ್ನಲ್ ಹೆಸರಿನ ಜೊತೆ ‘ನೋಸ್ಟಾಪ್ ನೋಪ್ರಿಂಟ್ ಪಾಸ್’ ಕೊಡಿ. ‘ನೋಪಾಸ್’ ಕೊಟ್ಟರೆ ಸಿಗ್ನಲ್ ಪ್ರೋಗ್ರಾಂಗೆ ತಲುಪದೆ ರನ್‌ಟೈಮೇ ಕೆಡುತ್ತದೆ. ಜಿಡಿಬಿ ಡೀಫಾಲ್ಟ್ ಆಗಿ ಸಿಗ್‌ಇಂಟ್ (2), ಸಿಗ್‌ಟ್ರಾಪ್ (5) ಎರಡನ್ನು ತಾನಿಟ್ಟುಕೊಂಡು ಪ್ರೋಗ್ರಾಂಗೆ ಕೊಡುವುದಿಲ್ಲ. ಕಂಟ್ರೋಲ್-ಸಿ ಹ್ಯಾಂಡ್ಲರ್ ಪರೀಕ್ಷಿಸುವವರು ‘ಹ್ಯಾಂಡಲ್ ಸಿಗ್‌ಇಂಟ್ ಪಾಸ್’ ಕೊಡಬೇಕು. ಪೂರ್ತಿ ಪಟ್ಟಿ ‘ಇನ್ಫೋ ಸಿಗ್ನಲ್ಸ್’ನಲ್ಲಿದೆ.

ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿ ಕಾಫಿಗೆ ಎದ್ದರೆ, ಸರ್ವಿಸ್‌ಗೆ ವಾಚ್‌ಡಾಗ್‌ಸೆಕ್ ಇದ್ದ ಪಕ್ಷದಲ್ಲಿ, ಸಿಸ್ಟಂಡಿ ಅದು ಜೋತುಬಿದ್ದಿದೆ ಎಂದು ತಿಳಿದು ಸಿಗ್‌ಅಬಾರ್ಟ್ ಕಳಿಸುತ್ತದೆ. ಡೀಬಗ್ ಮಾಡುವಷ್ಟು ದಿನ ಡ್ರಾಪ್‌ಇನ್ ಫೈಲಿನಲ್ಲಿ ಅದನ್ನು 0 ಮಾಡಿ. ಓಡುತ್ತಿರುವ ಪ್ರೊಸೆಸ್‌ಗೆ ಅಂಟಿದ ಜಿಡಿಬಿಯನ್ನು ‘ಕಿಲ್ -9’ ಮಾಡಿದರೆ ಅದು ಹಾಕಿದ ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್‌ಗಳು ಪ್ರೊಸೆಸ್‌ನ ಮೆಮೊರಿಯಲ್ಲೇ ಉಳಿಯುತ್ತವೆ. ಗಂಟೆಗಳ ಮೇಲೆ ಆ ಸಾಲು ತಾಗಿದಾಗ ಸಿಗ್‌ಟ್ರಾಪ್ ಬಂದು 133 ಕೋಡ್‌ನಲ್ಲಿ ಸಾಯುತ್ತದೆ. ಯಾವಾಗಲೂ ‘ಡಿಟ್ಯಾಚ್’ ಮಾಡಿ ಹೊರಬನ್ನಿ. ಜಿಡಿಬಿಯನ್ನು ಎಸ್‌ಎಸ್‌ಎಚ್ ಮೇಲೆ ನಡೆಸುವಾಗ ಟಿಮಕ್ಸ್ ಒಳಗೇ ಇರಿ.

ಒಂದು ಪ್ರೊಸೆಸ್‌ಗೆ ಒಬ್ಬನೇ ಟ್ರೇಸರ್. ಎಸ್‌ಟ್ರೇಸ್ ಅಂಟಿರುವಾಗ ಜಿಡಿಬಿ ಅಂಟದು, ‘ಆಪರೇಷನ್ ನಾಟ್ ಪರ್ಮಿಟೆಡ್’ ಬಂದರೆ ಸ್ಟೇಟಸ್ ಫೈಲಿನ ‘ಟ್ರೇಸರ್‌ಪಿಐಡಿ’ ನೋಡಿ. ಅದು 0 ಇದ್ದರೆ ತಡೆಯುತ್ತಿರುವುದು ಯಾಮಾ ಎಂಬ ಕರ್ನಲ್ ಭದ್ರತಾ ವ್ಯವಸ್ಥೆ. ಉಬುಂಟುವಿನಲ್ಲಿ ‘ಪಿಟ್ರೇಸ್ ಸ್ಕೋಪ್’ 1 ಇರುವುದರಿಂದ ನಿಮ್ಮದೇ ಪ್ರೊಸೆಸ್‌ಗೂ ಸುಡೋ ಬೇಕು. ಅದು 3 ಆಗಿದ್ದರೆ ರೀಬೂಟ್ ಆಗುವ ತನಕ ಯಾರಿಗೂ ಬಾಗಿಲಿಲ್ಲ, ರೂಟ್‌ಗೂ ಇಲ್ಲ. ಆಗ ಉಳಿಯುವುದು ಪಿಟ್ರೇಸ್ ಬಳಸದ ದಾರಿಗಳು: ಕೋರ್ ಡಂಪ್, ಟ್ರೇಸ್‌ಪಾಯಿಂಟ್, ಆಡಿಟ್.

## ಕೈಗೆ ಸಿಗುವಂತೆ

137 ಬಂದು ಡಿಮೆಸೇಜ್, ಓಓಎಂಡಿ ಎರಡೂ ಖಾಲಿಯಿದ್ದರೆ ಟ್ರೇಸ್‌ಪಾಯಿಂಟ್ ಹಚ್ಚಿ ಕಾಯಿರಿ, ತಿಂಗಳಿಗೊಮ್ಮೆ ಬರುವುದಾದರೆ ಆಡಿಟ್. 143 ಅಥವಾ 129 ಬಂದರೆ ಮೊದಲು ಜರ್ನಲ್‌ನ ಅದೇ ನಿಮಿಷ, ಆಮೇಲೆ ಎಸ್‌ಟ್ರೇಸ್. 139, 135, 136, 132 ಬಂದರೆ ಕೋರ್, ಅದರಲ್ಲಿ ಸ್ಟ್ಯಾಕ್ ಕೆಟ್ಟಿದ್ದರೆ ಆರ್‌ಆರ್. 134ಕ್ಕೆ ಸ್ಟ್ಯಾಂಡರ್ಡ್ ಎರರ್‌ನ ಕೊನೆಯ ಸಾಲು ಓದಿ, ಅಲ್ಲಿ ‘ಫ್ರೀ’, ‘ಕರಪ್ಷನ್’ನಂಥ ಮೆಮೊರಿ ದೋಷದ ಮಾತಿದ್ದರೆ ಸ್ಯಾನಿಟೈಸರ್, ಏನೂ ಇಲ್ಲದಿದ್ದರೆ ವಾಚ್‌ಡಾಗ್ ನೋಡಿ. 141 ಬಂದರೆ ಟೂಲ್ ಬೇಡ: ಸಾಕೆಟ್‌ಗೆ ಬರೆಯುವ ಕಡೆ ‘ಎಂಎಸ್‌ಜಿ ನೋಸಿಗ್ನಲ್’ ಕೊಟ್ಟು, ಹಿಂತಿರುಗುವ ‘ಇಪೈಪ್’ ದೋಷವನ್ನು ಕೋಡಿನಲ್ಲೇ ನೋಡಿಕೊಳ್ಳಿ.